ಮೆಟ್ಟಿಲ ಮೇಲಿನ ಎರಡನೆಯ ಕಛೇರಿ

ಪರದೆ ಇಳಿದು ಎಷ್ಟೋ ಹೊತ್ತಾದರೂ ರವೀಂದ್ರ ಕಲಾಕ್ಷೇತ್ರದ ಮುಂದಿನ ಮೆಟ್ಟಿಲುಗಳು ಬರಿದಾಗುವುದಿಲ್ಲ. ಒಳಗಿನಿಂದ ಬಂದವರು ಒಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಾರೆ, ಜೆ.ಸಿ. ರಸ್ತೆಯ ಕಡೆ ಕಣ್ಣು ಹಾಯಿಸುತ್ತಾರೆ, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಖಾತ್ರಿಯಾದ ಮೇಲೆ ಕರವಸ್ತ್ರದಿಂದ ಕಲ್ಲು ಒರೆಸಿ ಕೂರುತ್ತಾರೆ. ನವೆಂಬರಿನ ಗಾಳಿಯಲ್ಲಿ ಸಣ್ಣಗೆ ಚಳಿ. ವಾಹನಗಳ ಹೊಗೆಯ ನಡುವೆ ಎಲ್ಲಿಂದಲೋ ಕಡಲೆಕಾಯಿ ಹುರಿಯುವ ವಾಸನೆ, ಹೆಂಗಸರ ಮುಡಿಯಿಂದ ಬಾಡುತ್ತಿರುವ ಮಲ್ಲಿಗೆಯ ವಾಸನೆ. ಸನ್ಮಾನದ ಹಾರದಿಂದ ಉದುರಿದ ಸುಗಂಧರಾಜದ ಎಸಳುಗಳು ಬಾಗಿಲಿನವರೆಗೂ ಚೆಲ್ಲಿಕೊಂಡಿವೆ. ಪಕ್ಕದ ಬಾಗಿಲಿನಿಂದ ತಬಲಾದವರು ಎರಡೂ ಕೈಗೆ ಚೀಲ ನೇತುಹಾಕಿಕೊಂಡು ಹೊರಬರುತ್ತಿದ್ದಾರೆ. ಕೀಬೋರ್ಡಿನ ಉದ್ದನೆಯ ಪೆಟ್ಟಿಗೆ ಆಟೋದೊಳಕ್ಕೆ ಅಡ್ಡಡ್ಡವಾಗಿ ಹೋಗುವುದೋ ಉದ್ದುದ್ದವಾಗಿ ಹೋಗುವುದೋ ಎಂದು ಚಾಲಕನೊಂದಿಗೆ ಮಾತುಕತೆ ನಡೆದಿದೆ.

ನೀವೂ ಒಂದು ಮೆಟ್ಟಿಲು ಕೆಳಗೆ ಜಾಗ ಮಾಡಿಕೊಂಡು ಕುಳಿತುಕೊಳ್ಳಿ. ಮಾತಾಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. 1963ರಲ್ಲಿ ಈ ಕಟ್ಟಡ ಬಾಗಿಲು ತೆರೆದಾಗಿನಿಂದ ಒಳಗೆ ನಡೆದಷ್ಟೇ ಕಾರ್ಯಕ್ರಮ ಈ ಮೆಟ್ಟಿಲುಗಳ ಮೇಲೂ ನಡೆದಿದೆ. ನಾಟಕ ಮುಗಿದರೆ ಇಲ್ಲಿ ನಾಟಕದವರು, ಕವಿಗೋಷ್ಠಿ ಮುಗಿದರೆ ಕವಿಗಳು. ಇವತ್ತು ಸುಗಮ ಸಂಗೀತದ ಸಂಜೆ. ಹಾಗಾಗಿ ಇಲ್ಲಿ ಕುಳಿತಿರುವವರು ಬಹುಪಾಲು ಮೂರು ನಾಲ್ಕು ದಶಕ ಭಾವಗೀತೆಗಳನ್ನೇ ಉಂಡು ಬೆಳೆದ ಕಿವಿಗಳು.

ಶಾಲು ಹೊದ್ದ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರಿದ್ದಾರೆ. ತುಮಕೂರಿನಿಂದ ಮಗಳ ಮನೆಗೆ ಬಂದಿರುವ ಮೇಡಂ ಇದ್ದಾರೆ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡೇ ಆಫೀಸಿನಿಂದ ನೇರ ಬಂದ ಹುಡುಗನಿದ್ದಾನೆ. ಪರಸ್ಪರ ಹೆಸರು ಗೊತ್ತಿಲ್ಲದಿದ್ದರೂ ಮುಖ ಗೊತ್ತು. ಯಾವುದೋ ಹಾಡಿಗೆ ಪಕ್ಕದ ಕುರ್ಚಿಯಲ್ಲಿ ತಲೆದೂಗಿದ ಪರಿಚಯ ಅದು.

"ಮೈಕು ಸರಿ ಇರಲಿಲ್ಲ ಬಿಡ್ರಿ." ಮಾತು ಶುರುವಾಗುವುದು ಯಾವಾಗಲೂ ಇಲ್ಲಿಂದಲೇ. ತಬಲಾ ಜಾಸ್ತಿಯಾಯಿತು ಎಂದು ಒಬ್ಬರು, ಪಲ್ಲವಿಯ ಎರಡನೆಯ ಸಾಲು ಕೇಳಿಸಲೇ ಇಲ್ಲ ಎಂದು ಇನ್ನೊಬ್ಬರು. ಆಮೇಲೆ ಒಂದು ನಿಟ್ಟುಸಿರು, ಅದರ ಬೆನ್ನಿಗೆ ಬಂದೇ ಬರುವ ಮಾತು: "ಕ್ಯಾಸೆಟ್ಟಿನಲ್ಲಿ ಹೇಗಿತ್ತು ಆ ಹಾಡು!"

ಕ್ಯಾಸೆಟ್ಟು ಎಂಬ ಶಬ್ದ ಬಿದ್ದದ್ದೇ ತಡ, ಮೆಟ್ಟಿಲುಗಳ ಮೇಲೆ ಚಳಿ ಕಡಿಮೆಯಾಗುತ್ತದೆ. ಶಾಲಿನವರ ಕೈಗಳು ತಮಗೆ ತಾವೇ ಗಾಳಿಯಲ್ಲೊಂದು ಸಣ್ಣ ಚೌಕ ಬರೆಯುತ್ತವೆ. ಅಂಗೈಯೊಳಗೆ ಕೂರುವ ಪ್ಲಾಸ್ಟಿಕ್ ಡಬ್ಬಿ, ತೆರೆಯುವಾಗ ಕಟ್ ಎನ್ನುವ ಸದ್ದು, ಒಳಗೆ ಮಡಿಸಿಟ್ಟ ಮುಖಚಿತ್ರದ ಹಾಳೆ, ಅದರ ಬೆನ್ನಿಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಹಾಡುಗಳ ಪಟ್ಟಿ, ಕವಿಯ ಹೆಸರು, ಸಂಗೀತ ಸಂಯೋಜಕರ ಹೆಸರು. ಹೊಸ ಕ್ಯಾಸೆಟ್ಟಿನ ವಾಸನೆಯನ್ನು ಮೇಡಂ ಇನ್ನೂ ಮರೆತಿಲ್ಲ. ಮನೆಯಲ್ಲಿ ಎಲ್ಲರೂ ಕೈಕಾಲು ತೊಳೆದು ಬಂದು ಕೂರುವವರೆಗೆ ಅಪ್ಪ ಗುಂಡಿ ಒತ್ತುತ್ತಿರಲಿಲ್ಲವಂತೆ. ಸುರುಳಿ ಸಿಕ್ಕಿಹಾಕಿಕೊಂಡರೆ ಹಲ್ಲಿನ ಚಕ್ರಕ್ಕೆ ಪೆನ್ಸಿಲ್ ತೂರಿಸಿ, ಉಸಿರು ಬಿಗಿಹಿಡಿದು, ನಿಧಾನಕ್ಕೆ ತಿರುಗಿಸುವ ಕೆಲಸ ಮನೆಯ ಹಿರಿಯ ಮಗುವಿನದು. ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ, ಕಂದುಬಣ್ಣದ ಆ ಸುರುಳಿ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಉದ್ದಕ್ಕೆ ಸುತ್ತಿಕೊಂಡಿರುತ್ತಿತ್ತು. ಒಂದು ಬದಿಗೆ ಅರ್ಧ ಗಂಟೆ. ಐದಾರು ಹಾಡು ಮುಗಿದರೆ ಎದ್ದು ಹೋಗಿ ಮಗ್ಗುಲು ಬದಲಿಸಬೇಕು.

ಮೆಚ್ಚಿನ ಧ್ವನಿಸುರುಳಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಹೇಳುವಾಗ ಎಲ್ಲರೂ ಶುರುಮಾಡುವುದು 'ನಿತ್ಯೋತ್ಸವ'ದಿಂದ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಯೋಜನೆ, ವರ್ಷ 1978. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಅದಕ್ಕೂ ಮೊದಲು ಕವಿತೆಗಳನ್ನು ಹಾಡುವವರು ಇರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ನಾಡಿನ ಊರೂರಿಗೆ ಹೋಗಿ ಹಾಡಿ ಹಾದಿ ಮಾಡಿಟ್ಟಿದ್ದರು. ಆದರೆ ಅವರ ಕಾಲದ ಗ್ರಾಮಫೋನ್ ಪ್ಲೇಟಿಗೆ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು. ಹಾಡು ಓಡೋಡಿ ಮುಗಿಯಬೇಕಿತ್ತು. ಪ್ಲೇಟು ಕೊಳ್ಳುವವರೂ ಅದನ್ನು ನುಡಿಸುವ ಪೆಟ್ಟಿಗೆ ಇಟ್ಟುಕೊಂಡವರೂ ಉಳ್ಳವರೇ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಕೆಲವು ವರ್ಷಗಳಲ್ಲಿ ನಮ್ಮ ಗುಮಾಸ್ತರ, ಮೇಷ್ಟ್ರುಗಳ, ನರ್ಸುಗಳ ಮನೆ ಹೊಕ್ಕಾಗ ಒಬ್ಬನೇ ಕವಿಯ ಹತ್ತಾರು ಕವಿತೆಗಳನ್ನು ಒಂದೇ ಕೂರಿಕೆಯಲ್ಲಿ ಕೇಳುವ ಭಾಗ್ಯ ಕನ್ನಡಿಗರಿಗೆ ಒದಗಿತು. ಹಾಡಿನ ಪುಸ್ತಕವೊಂದು ದನಿಪಡೆದು ಅಡುಗೆಮನೆಯವರೆಗೂ ಬಂತು. ಕವಿತೆ ಓದುವ ಅಭ್ಯಾಸವೇ ಇಲ್ಲದ ಎಷ್ಟೋ ಜನರಿಗೆ ಇಡೀ ಕವನಸಂಕಲನ ಬಾಯಿಪಾಠವಾಯಿತು.

ಇಲ್ಲಿ ಗುಂಪು ಎರಡು ಪಂಗಡವಾಗಿ ಒಡೆಯುತ್ತದೆ. ಒಂದು ಅನಂತಸ್ವಾಮಿಯವರದು, ಇನ್ನೊಂದು ಸಿ. ಅಶ್ವತ್ಥರದು. ಅನಂತಸ್ವಾಮಿಯವರ ಪಕ್ಷದವರು ಮೆಲ್ಲಗೆ ಮಾತಾಡುವವರು. ಆ ಮಂದ್ರ, ಆ ಸಾವಧಾನ, ಹಾರ್ಮೋನಿಯಂ ಮೇಲೆ ಬೆರಳು ಜಾರಿದ್ದೇ ಗೊತ್ತಾಗದ ಹಾಗೆ ಪದದಿಂದ ಪದಕ್ಕೆ ಇಳಿಯುವ ರೀತಿ ಎಂದು ಶಾಲಿನವರು ಕೈಯಲ್ಲೇ ತೋರಿಸುತ್ತಾರೆ. ಅಶ್ವತ್ಥರ ಪಕ್ಷದವರ ದನಿ ತಾನಾಗಿಯೇ ಏರುತ್ತದೆ. ಎದೆಯಿಂದ ಎದ್ದ ಕೂಗು ಹೇಗೆ ಮೇಲಕ್ಕೇರಿ ಅಲ್ಲೇ ನಿಲ್ಲುತ್ತಿತ್ತು, ಶಬ್ದವೊಂದನ್ನು ಮೂರು ಸಲ ಹೇಳಿದರೆ ಮೂರು ಸಲವೂ ಹೇಗೆ ಬೇರೆ ಅರ್ಥ ಹೊಳೆಯುತ್ತಿತ್ತು ಎನ್ನುತ್ತ ಹುಡುಗ ಎದ್ದೇ ನಿಲ್ಲುತ್ತಾನೆ. ಅಶ್ವತ್ಥರು ತೀರಿಕೊಂಡಾಗ ಅವನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಿರಬೇಕು. ಅವರನ್ನು ವೇದಿಕೆಯಲ್ಲಿ ಕಾಣದೆಯೇ ಹೀಗೆ ಹಚ್ಚಿಕೊಂಡವರು ಇಲ್ಲಿ ಅವನೊಬ್ಬನೇ ಅಲ್ಲ.

ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪುಸ್ತಕವಾಗಿ ಬಂದದ್ದು 1942ರಲ್ಲಿ. ಅಶ್ವತ್ಥರ ಸಂಯೋಜನೆಯಲ್ಲಿ ಅದು ಧ್ವನಿಸುರುಳಿಯಾದಾಗ ಆಗಲೇ ಅಜ್ಜಿಯರಾಗಿದ್ದವರಿಗೆ ತಮ್ಮ ಮದುವೆಯ ಕಾಲದ ಕವಿತೆಗಳು ಮೊಮ್ಮಕ್ಕಳ ಬಾಯಲ್ಲಿ ಕೇಳಿಸಿದವು. ಶಿಶುನಾಳ ಶರೀಫರ ಪದಗಳದ್ದು ಇನ್ನೊಂದು ಕಥೆ. 1819ರಲ್ಲಿ ಹುಟ್ಟಿದ ಶರೀಫರ ತತ್ವಪದಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿಗಳ ಜೊತೆ ರಾತ್ರಿಯಿಡೀ ಹರಿಯುತ್ತಿದ್ದವು. ಅಶ್ವತ್ಥ ಮತ್ತು ಶಿವಮೊಗ್ಗ ಸುಬ್ಬಣ್ಣ ಅವುಗಳನ್ನು ಹಾಡಿದ ಮೇಲೆ ಬೆಂಗಳೂರಿನ ಸಿಟಿ ಬಸ್ಸಿನಲ್ಲೂ ಜನ ಗುನುಗತೊಡಗಿದರು. ಹಳ್ಳಿಯ ಭಜನೆಯ ಮೇಳವೇ ಮೇಲು, ಅಲ್ಲಿ ಹಾಡಿಗೆ ಅವಸರವಿಲ್ಲ ಎಂದು ತುಮಕೂರಿನ ಮೇಡಂ ನಡುವೆ ಬಾಯಿಹಾಕುತ್ತಾರೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಈ ಹಾಡುಗಳನ್ನು ಕಟ್ಟಿದವರ ಬದುಕನ್ನು ನೆನೆದರೆ ಈ ಕೇಳುಗರೇಕೆ ಇಷ್ಟು ಹಕ್ಕಿನಿಂದ ಮಾತಾಡುತ್ತಾರೆ ಎಂಬುದು ತಿಳಿಯುತ್ತದೆ. ನಿಸಾರ್ ಅಹಮದರು ಭೂವಿಜ್ಞಾನದ ಮೇಷ್ಟ್ರು. ನರಸಿಂಹಸ್ವಾಮಿಯವರು ಸರ್ಕಾರಿ ನೌಕರಿಯಲ್ಲಿದ್ದು ಗೃಹ ಮಂಡಳಿಯಿಂದ ನಿವೃತ್ತರಾದವರು. ಅಶ್ವತ್ಥರು ಎಷ್ಟೋ ವರ್ಷ ಐಟಿಐ ಕಾರ್ಖಾನೆಗೆ ಹೋಗಿ ಬಂದವರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕ ಸುಬ್ಬಣ್ಣನವರು ವಕೀಲರು. ಹಗಲಿಗೆ ಕೆಲಸ, ಸಂಜೆಗೆ ಹಾಡು. ಕೇಳುವವರದ್ದೂ ಅದೇ ದಿನಚರಿ. ಸಂಜೆ ಆರಕ್ಕೆ ಕಾರ್ಯಕ್ರಮವೆಂದರೆ ನಾಲ್ಕರಿಂದಲೇ ಗಡಿಯಾರ ನೋಡಿ, ಐದಕ್ಕೆ ಕಡತ ಮುಚ್ಚಿ, ಎರಡು ಬಸ್ಸು ಬದಲಿಸಿ ಬರುವ ಜನ ಇವರು.

ಪಕ್ಷಗಳ ಜಗಳ ಒಂದು ಹಾಡಿನ ವಿಷಯದಲ್ಲಿ ಮೆಟ್ಟಿಲಿಳಿದು ಸರ್ಕಾರದವರೆಗೂ ಹೋಯಿತು. ಕುವೆಂಪು ಬರೆದ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೂ ಇತ್ತು, ಅಶ್ವತ್ಥರ ಧಾಟಿಯೂ ಇತ್ತು. ಯಾವುದನ್ನು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ಎಳೆದು, 2022ರ ಜನವರಿಯಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿನವರೆಗೆ ಹೋಗಿ 2024ರಲ್ಲಿ ವಜಾ ಆಯಿತು. ಒಂದು ಪದ್ಯಕ್ಕೆ ಯಾವ ರಾಗ ಒಪ್ಪುತ್ತದೆ ಎಂದು ಜನ ಇಷ್ಟೊಂದು ಮನಸ್ಸಿಟ್ಟು ವಾದಿಸುವ ನಾಡು ಇದು ಎಂದು ನನಗಂತೂ ಹೆಮ್ಮೆ. ಮೆಟ್ಟಿಲ ಮೇಲೆ ತೀರ್ಪು ಇನ್ನೂ ಬಂದಿಲ್ಲ. ವಾದ ಮುಂದುವರಿದಿದೆ.

ಮಾತು ಮತ್ತೆ ಇವತ್ತಿನ ಸಂಜೆಗೆ ತಿರುಗುತ್ತದೆ, ಅಲ್ಲಿಂದ ನಿರಾಸೆಯ ಸಂಜೆಗಳೆಲ್ಲ ಒಂದೊಂದಾಗಿ ಎದ್ದು ಬರುತ್ತವೆ. ಹೇಳುವವರು ಬೇರೆ ಬೇರೆ, ಊರುಗಳು ಬೇರೆ ಬೇರೆ, ಕಥೆ ಮಾತ್ರ ಹೆಚ್ಚುಕಡಿಮೆ ಒಂದೇ. ಆರಕ್ಕೆ ಎಂದದ್ದು ಏಳಕ್ಕೆ ಶುರುವಾಗುತ್ತದೆ. ದೀಪ ಬೆಳಗಲು ಆರು ಜನ, ಒಬ್ಬರ ಕೈಯಿಂದ ಒಬ್ಬರ ಕೈಗೆ ಮೇಣದ ಬತ್ತಿ. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ. ಹಾರ, ಶಾಲು, ಫಲತಾಂಬೂಲ, ಮೈಸೂರು ಪೇಟ, ಗಂಧದ ಹಾರ, ಫೋಟೋಗೆ ಇನ್ನೊಮ್ಮೆ ಈ ಕಡೆ ನೋಡಿ ಸಾರ್. ವೇದಿಕೆಯ ಹಿಂದೆ ಹಾಡುವವರು ಬಿಸಿನೀರು ಕುಡಿದು ಕುಡಿದು ಕಾಯುತ್ತಿರುತ್ತಾರೆ. ಶ್ರುತಿಗೆ ಕೂರಿಸಿದ ತಬಲಾ ದೀಪದ ಕಾವಿಗೆ ಮತ್ತೆ ಏರುಪೇರಾಗಿ, ಹಾಡು ಶುರುವಾಗುವ ಹೊತ್ತಿಗೆ ಸುತ್ತಿಗೆಯ ಟಕ್ ಟಕ್. ಹತ್ತು ಗಂಟೆಗೆ ಮುಗಿಸಬೇಕೆಂದು ಕಾರ್ಯದರ್ಶಿ ಕೈಸನ್ನೆ ಮಾಡುತ್ತಾರೆ. ಮೂರು ಚರಣದ ಹಾಡಿನಲ್ಲಿ ಒಂದು ಚರಣಕ್ಕೆ ಕತ್ತರಿ.

ಆ ಕತ್ತರಿ ಕೇಳುಗರಿಗೆ ಎಲ್ಲಿ ನೋಯುತ್ತದೆ ಎಂಬುದನ್ನು ಮೇಡಂ ಚೆನ್ನಾಗಿ ಹೇಳುತ್ತಾರೆ. ನೂರಾರು ಸಲ ಕೇಳಿದ ಧ್ವನಿಸುರುಳಿ ಕಿವಿಯಲ್ಲೊಂದು ಕ್ರಮವನ್ನು ಕೂರಿಸಿಬಿಟ್ಟಿರುತ್ತದೆ. ಒಂದು ಹಾಡು ಮುಗಿದ ಕೂಡಲೇ, ಮುಂದಿನದು ಶುರುವಾಗುವ ಮೊದಲೇ ಅದರ ಕೊಳಲಿನ ಮೊದಲ ಸ್ವರ ಒಳಗೆ ಕೇಳಿಸುತ್ತದೆ. ಕೊನೆಯ ಚರಣದಲ್ಲೇ ಕವಿ ಮಾತನ್ನು ತಿರುಗಿಸಿ ಅರ್ಥ ಬಿಚ್ಚಿರುತ್ತಾನೆ. ಅದನ್ನೇ ಬಿಟ್ಟರೆ ಹಾಡು ಬಾಗಿಲವರೆಗೆ ಬಂದು ಒಳಗೆ ಬರದೆ ಹೋದಂತಾಗುತ್ತದೆ.

ಇನ್ನು ಧ್ವನಿವರ್ಧಕ. ಕ್ಯಾಸೆಟ್ಟು ತಯಾರಾಗುತ್ತಿದ್ದ ಹೊತ್ತಿನಲ್ಲಿ ಗಾಯಕರ ಬಾಯಿಗೆ ಗೇಣು ದೂರದಲ್ಲಿ ಮೈಕು, ಸುತ್ತ ಸದ್ದಡಗಿಸುವ ಗೋಡೆ, ಗಾಜಿನಾಚೆ ಗುಂಡಿಗಳ ಮೇಲೆ ಬೆರಳಿಟ್ಟು ಕುಳಿತ ತಂತ್ರಜ್ಞ. 'ಣ'ಕಾರ, 'ಳ'ಕಾರ, ಉಸಿರು ಎಳೆದುಕೊಂಡದ್ದು ಎಲ್ಲವೂ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ವೇದಿಕೆಯಲ್ಲಿ ಹಾಗಲ್ಲ. ಅದೇ ಮೈಕಿನೊಳಕ್ಕೆ ಪಕ್ಕದ ತಬಲಾ ನುಗ್ಗುತ್ತದೆ, ರಿದಂ ಪ್ಯಾಡಿನ ಗುಡುಗು ನುಗ್ಗುತ್ತದೆ. ಮದುವೆ, ಜಾತ್ರೆ, ಸಭೆ ಎಲ್ಲಕ್ಕೂ ಒಂದೇ ಹದದಲ್ಲಿ ಪೆಟ್ಟಿಗೆ ತಿರುಗಿಸುವ ಹುಡುಗನಿಗೆ ಭಾವಗೀತೆಯಲ್ಲಿ ಮುಂದೆ ನಿಲ್ಲಬೇಕಾದದ್ದು ಮಾತು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ತೆರೆದ ಮೈದಾನವಾದರೆ ತೊಂದರೆ ಇನ್ನೂ ದೊಡ್ಡದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 170 ಮೀಟರ್ ದೂರ ಕುಳಿತವನಿಗೆ ಹಾಡು ತಲುಪುವುದು ಅರ್ಧ ಸೆಕೆಂಡು ತಡವಾಗಿ. ಹತ್ತಿರದ ಕಂಬದ ಸ್ಪೀಕರು ತಂತಿಯಲ್ಲಿ ಬಂದದ್ದನ್ನು ಆಗಲೇ ಹೇಳಿಬಿಟ್ಟಿರುತ್ತದೆ. ಒಂದೇ ಪದ ಎರಡೆರಡು ಸಲ ಕಿವಿಗೆ ಬಿದ್ದು, ಅರ್ಥ ಕಲಸಿಹೋಗುತ್ತದೆ. ದೂರದ ಸ್ಪೀಕರುಗಳಿಗೆ ಲೆಕ್ಕಹಾಕಿ ಅಷ್ಟೇ ವಿಳಂಬ ಕೊಟ್ಟರೆ ಇದು ಸರಿಹೋಗುತ್ತದೆ. ಅದಕ್ಕೆ ಬೇಕಾದದ್ದು ಮಧ್ಯಾಹ್ನವೇ ಬಂದು ಮೈದಾನದ ತುದಿಗೆ ನಡೆದುಹೋಗಿ ಕೇಳಿನೋಡುವ ತಾಳ್ಮೆ.

ಮೈದಾನದಲ್ಲಿ ಭಾವಗೀತೆ ಸೋಲುತ್ತದೆ ಎಂದು ಯಾರೋ ಅಂದರೆ ಹುಡುಗ ಬಿಡುವುದಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ'ದ ಮಾತೆತ್ತುತ್ತಾನೆ. ಅಶ್ವತ್ಥರು ಬರೀ ಕವಿತೆಗಳನ್ನು ಹಾಡುತ್ತಾರೆಂದು ಅಷ್ಟು ದೊಡ್ಡ ಜನಸಾಗರ ಸೇರಿದ್ದನ್ನು ಅವನು ಮನೆಯವರಿಂದ ಕೇಳಿ ಬಲ್ಲ. ಅಲ್ಲಿದ್ದ ಶಾಲಿನವರು ತಲೆಯಾಡಿಸುತ್ತಾರೆ. ಹಾಡಿನ ನಡುವೆ ಜನ ದನಿಗೂಡಿಸಿದ್ದು, ಪದಗಳು ಎಲ್ಲರಿಗೂ ಬರುತ್ತಿದ್ದದ್ದು ಅವರ ಕಣ್ಣಿಗೆ ಇನ್ನೂ ಕಟ್ಟಿದೆ. ಆ ಪದಗಳನ್ನು ಕಲಿಸಿದ್ದು ಮನೆಮನೆಯ ಧ್ವನಿಸುರುಳಿ. ಅದಾಗಿ ನಾಲ್ಕು ವರ್ಷಕ್ಕೆ ಬಂದ 2009 ಇವರೆಲ್ಲರಿಗೂ ಕೆಟ್ಟ ವರ್ಷ. ಜನವರಿಯಲ್ಲಿ ಅನಂತಸ್ವಾಮಿಯವರ ಮಗ, ಇನ್ನೂ ಎಳೆಯ ವಯಸ್ಸಿನ ರಾಜು ಅನಂತಸ್ವಾಮಿ ಹೋದರು. ಡಿಸೆಂಬರ್ 29ರಂದು, ತಮ್ಮ ಹುಟ್ಟಿದ ದಿನದಂದೇ, ಅಶ್ವತ್ಥರು ಹೋದರು. ಆಗ ಅವರಿಗೆ 70 ತುಂಬಿತ್ತು.

ಮೆಚ್ಚಿನ ಸಂಜೆಗಳೂ ಇವರ ಬಳಿ ಇಲ್ಲದಿಲ್ಲ. ಅವು ಬಹುಪಾಲು ಸಣ್ಣವು. ಬಡಾವಣೆಯ ಯಾರದೋ ಮನೆಯ ಮಹಡಿ, ಹಾಸಿದ ಜಮಖಾನೆ, ಐವತ್ತು ಜನ, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ. ಹಾಡುವವರು ಮೊದಲು ಕವಿತೆಯನ್ನು ಸುಮ್ಮನೆ ಓದುತ್ತಾರೆ, ಆಮೇಲೆ ಹಾಡುತ್ತಾರೆ. ಕ್ಯಾಸೆಟ್ಟಿನ ವಯೊಲಿನ್ ಗುಂಪು ಅಲ್ಲಿಲ್ಲ, ಶ್ರುತಿಯೂ ವಯಸ್ಸಿಗೆ ತಕ್ಕಂತೆ ಒಂದು ಮನೆ ಇಳಿದಿದೆ, ಚರಣದಲ್ಲೊಮ್ಮೆ ಗಂಟಲು ಕಟ್ಟಿದೆ. ಯಾರೂ ದೂರಿಲ್ಲ. ಪ್ರತಿ ಅಕ್ಷರವೂ ಕೊನೆಯ ಸಾಲಿನವರನ್ನು ತಲುಪಿದೆ. ಇದನ್ನು ಕೇಳುತ್ತ ಕುಳಿತರೆ ಈ ಜನ ಅಳೆಯುವ ಕೋಲು ಯಾವುದೆಂದು ನಿಮಗೂ ಗೊತ್ತಾಗುತ್ತದೆ. ಕ್ಯಾಸೆಟ್ಟಿನ ಪಡಿಯಚ್ಚನ್ನು ಇವರು ವೇದಿಕೆಯಿಂದ ಕೇಳುತ್ತಿಲ್ಲ. ಗಾಯಕರು ಧಾಟಿಯನ್ನು ಸ್ವಲ್ಪ ತಿರುವಿದರೆ, ಹೊಸ ಆಲಾಪವೊಂದನ್ನು ಸೇರಿಸಿದರೆ ಖುಷಿಯಿಂದ ಪಕ್ಕದವರ ತೊಡೆ ತಟ್ಟುವವರೇ ಇವರು. ಪದ ಕೇಳಿಸಬೇಕು, ಪದ್ಯ ಪೂರ್ತಿಯಾಗಬೇಕು, ಅಷ್ಟೇ. ಮನೆಯ ಮೂಲೆಯಲ್ಲಿ ದೀಪ ಆರಿಸಿ ಧ್ವನಿಸುರುಳಿ ಕೇಳುತ್ತ ಕನ್ನಡ ಕವಿತೆಯ ಒಂದೊಂದು ಶಬ್ದಕ್ಕೂ ಕಿವಿಗೊಟ್ಟು ಕಲಿತವರು ಅದೇ ಕಿವಿಯನ್ನು ಹೊತ್ತು ಸಭಾಂಗಣಕ್ಕೆ ಬರುತ್ತಾರೆ. ಅವರ ನಿರಾಸೆಯ ಮೂಲ ಅಲ್ಲಿದೆ.

ಲ್ಯಾಪ್‌ಟಾಪಿನ ಹುಡುಗನ ಕಾಲಕ್ಕೆ ಧ್ವನಿಸುರುಳಿ ಎಂಬುದೇ ಚೂರುಚೂರಾಗಿದೆ. ಫೋನಿನಲ್ಲಿ ಒಂದು ಹಾಡಾದ ಮೇಲೆ ಇನ್ನಾವುದೋ ಕವಿಯ, ಇನ್ನಾವುದೋ ದಶಕದ ಹಾಡು ತಾನಾಗಿ ಬರುತ್ತದೆ, ಮುಖಚಿತ್ರದ ಹಾಳೆಯಿಲ್ಲ, ಕವಿಯ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಆದರೂ ಅವನು ಹುಡುಕಿ ಹುಡುಕಿ 'ಮೈಸೂರು ಮಲ್ಲಿಗೆ'ಯ ಹಾಡುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಾನೆ. ಕ್ರಮ ಸರಿಯಿದೆಯೇ ಎಂದು ಫೋನು ಮುಂದೆ ಹಿಡಿದಾಗ ಶಾಲಿನವರು ಕನ್ನಡಕ ಏರಿಸಿ ನೋಡಿ, ಮೂರನೆಯದು ಎರಡನೇ ಬದಿಗೆ ಸೇರಬೇಕು ಎನ್ನುತ್ತಾರೆ. ಇಲ್ಲ, ಅದು ಮೊದಲ ಬದಿಯದೇ ಎಂದು ಮೇಡಂ. ಹೊಸ ಜಗಳ ಹುಟ್ಟಿಕೊಳ್ಳುತ್ತದೆ.

ಕಾವಲಿನವರು ಬಂದು ಗೇಟಿನ ಬೀಗ ಅಲ್ಲಾಡಿಸುತ್ತಾರೆ. ಗುಂಪು ಏಳುತ್ತದೆ, ಜಗಳವನ್ನೂ ಜೊತೆಗೆ ಕರೆದುಕೊಂಡು ಟೌನ್ ಹಾಲ್ ಕಡೆಯ ಬಸ್ ನಿಲ್ದಾಣಕ್ಕೆ ನಡೆಯುತ್ತದೆ. ಬರುವ ವಾರ ಇನ್ನೊಂದು ಕಾರ್ಯಕ್ರಮವಿದೆ, ಎಲ್ಲರೂ ಬರುವವರೇ. ಸಂಘಟಕರಲ್ಲಿ ಇವರ ಪರವಾಗಿ ನನ್ನದೊಂದು ಬೇಡಿಕೆ. ಶಾಲು, ಹಾರ, ಭಾಷಣಗಳನ್ನು ಹಾಡು ಮುಗಿದ ಮೇಲೆ ಇಟ್ಟುಕೊಳ್ಳಿ, ಗೌರವಿಸಬೇಕೆನ್ನುವವರು ಕಾದು ಗೌರವಿಸುತ್ತಾರೆ. ಧ್ವನಿಯ ಪೆಟ್ಟಿಗೆಯ ಮುಂದೆ ಕೂರುವ ಹುಡುಗನ ಕೈಗೆ ಅಂದಿನ ಕವಿತೆಗಳ ಹಾಳೆಯೊಂದನ್ನು ಕೊಟ್ಟು, ಇದರಲ್ಲಿರುವ ಪ್ರತಿ ಮಾತೂ ಕೊನೆಯ ಸಾಲಿಗೆ ಕೇಳಿಸಬೇಕು ಎಂದು ಹೇಳಿ. ಖರ್ಚಿಲ್ಲದ ಈ ಎರಡು ಕೆಲಸ ಮಾಡಿದರೆ ಮೆಟ್ಟಿಲ ಮೇಲಿನ ದೂರುಗಳು ಅರ್ಧಕ್ಕಿಳಿಯುತ್ತವೆ. ಉಳಿದರ್ಧ ಅನಂತಸ್ವಾಮಿ ಮೇಲೋ ಅಶ್ವತ್ಥ ಮೇಲೋ ಎಂಬ ಮಾತು. ಅದು ಮುಗಿಯುವುದು ಯಾರಿಗೂ ಬೇಕಾಗಿಲ್ಲ.